ಸ್ಕ್ರೂಡ್ರೈವರ್ ಯಾರ ಕೈಯಲ್ಲಿ?

ಮಾಡಿ ಕಲಿಯುವ ಪಾಠದಲ್ಲಿ ತಪ್ಪಿಗೇ ಹೆಚ್ಚು ಬೆಲೆ. ಎಲ್‌ಇಡಿ ಹೊತ್ತಿಕೊಳ್ಳದಿದ್ದರೆ ಅದರ ಕಾಲುಗಳನ್ನು ತಿರುಗಿಸಿ ಹಾಕಬೇಕು. ಮೋಟಾರು ಹಿಂದಕ್ಕೆ ತಿರುಗಿದರೆ ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಬೇಕು. ಧನ, ಋಣ ಎಂದರೇನು ಎಂಬುದು ಹೀಗೆ ಬೆರಳಿಗೇ ತಿಳಿಯುತ್ತದೆ. ಆದರೆ ತರಗತಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಿಟ್ ಸಿಗುವುದು ಅಪರೂಪ. ಒಂದು ಕಿಟ್ಟಿನ ಸುತ್ತ ಮೂರೋ ನಾಲ್ಕೋ ಮಕ್ಕಳು ಕೂರುತ್ತಾರೆ. ಒಬ್ಬರು ತಂತಿ ಸಿಕ್ಕಿಸುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಉಳಿದವರು ನೋಡುತ್ತಾರೆ. ಹುಡುಗ-ಹುಡುಗಿಯರ ನಡುವಿನ ವ್ಯತ್ಯಾಸ ಮೊದಲು ಕಣ್ಣಿಗೆ ಬೀಳುವುದು ಈ ಹಂಚಿಕೆಯಲ್ಲಿ.

ಅಮೆರಿಕದ ಮಾಧ್ಯಮಿಕ ತರಗತಿಗಳನ್ನು ಗಮನಿಸಿ ಜೊವಾನೊವಿಕ್ ಮತ್ತು ಕಿಂಗ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಪಕರಣಗಳನ್ನು ಹೆಚ್ಚಾಗಿ ನಿರ್ವಹಿಸುತ್ತಿದ್ದವರು ಹುಡುಗರು. ವರ್ಷ ಕಳೆಯುವಷ್ಟರಲ್ಲಿ, ವಿಜ್ಞಾನ ತಮಗೆ ಬರುತ್ತದೆ ಎಂದು ಹುಡುಗಿಯರಿಗಿದ್ದ ನಂಬಿಕೆ ಇಳಿದಿತ್ತು, ಹುಡುಗರದು ಇಳಿದಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕುತೂಹಲಕರ. ಹಂತ ಹಂತವಾಗಿ ಸೂಚನೆ ಕೊಟ್ಟು ಮಾಡಿಸುವ ಹಳೆಯ ಮಾದರಿಯ ಪ್ರಯೋಗಗಳಲ್ಲಿ ಗಂಡು-ಹೆಣ್ಣಿನ ಕೆಲಸ ಬೇರೆಯಾಗಿರಲಿಲ್ಲ. ವಿದ್ಯಾರ್ಥಿಗಳೇ ಯೋಚಿಸಿ ಪ್ರಯೋಗ ರೂಪಿಸಬೇಕಾದ ಹೊಸ ಮಾದರಿಯಲ್ಲಿ ಮಾತ್ರ ಉಪಕರಣ ಹುಡುಗರ ಕಡೆಗೂ ಲ್ಯಾಪ್‌ಟಾಪ್ ಹುಡುಗಿಯರ ಕಡೆಗೂ ಸರಿಯಿತು. ಸ್ವಾತಂತ್ರ್ಯ ಹೆಚ್ಚಿದಂತೆ ಹಳೆಯ ರೂಢಿ ಸದ್ದಿಲ್ಲದೆ ಒಳಗೆ ಬಂದಿತ್ತು. ಇದು ಹುಡುಗಿಯರ ಇಷ್ಟವೇ ಇರಬೇಕು ಎಂದುಕೊಳ್ಳುವುದು ಸುಲಭ. ಆದರೆ ಅದೇ ವಿಶ್ವವಿದ್ಯಾಲಯದಲ್ಲಿ ಮುಂದೆ ವಿದ್ಯಾರ್ಥಿಗಳನ್ನೇ ಕೇಳಿದಾಗ, ಇಷ್ಟಗಳಲ್ಲಿ ಈ ಅಂತರವನ್ನು ವಿವರಿಸುವಷ್ಟು ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ‘ನಿನ್ನ ಅಕ್ಷರ ಮುದ್ದಾಗಿದೆ, ರೆಕಾರ್ಡ್ ನೀನೇ ಬರಿ’ ಎಂಬ ಮೆಚ್ಚುಗೆಯೂ ಹುಡುಗಿಯರನ್ನು ಹೀಗೇ ಉಪಕರಣದಿಂದ ದೂರ ಸರಿಸುತ್ತದೆ.

ಕಲಿಯುವ ಶೈಲಿಯಲ್ಲೂ ಭೇದವಿದೆಯೇ ಎಂಬುದು ಹಳೆಯ ಚರ್ಚೆ. ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಎಂಐಟಿಯ ಸೈಮೋರ್ ಪ್ಯಾಪರ್ಟ್, ಶೆರಿ ಟರ್ಕಲ್ ಜೊತೆ 1990ರಲ್ಲಿ ಬರೆದ ಲೇಖನದಲ್ಲಿ ಎರಡು ದಾರಿಗಳನ್ನು ಗುರುತಿಸಿದರು. ಕೆಲವರು ಚುಕ್ಕಿ ಇಟ್ಟು ರಂಗೋಲಿ ಹಾಕುವವರಂತೆ ಮೊದಲೇ ಪೂರ್ತಿ ಯೋಜನೆ ಮಾಡುತ್ತಾರೆ. ಕೆಲವರು ಎಳೆ ಎಳೆಯುತ್ತ, ಅಳಿಸುತ್ತ, ಕೈಗೆ ಸಿಕ್ಕಿದ್ದರೊಡನೆ ಮಾತಾಡುತ್ತ ಮುಂದುವರಿಯುತ್ತಾರೆ. ಎರಡನೆಯ ದಾರಿ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಂಡರೂ ಅದು ಅವರಿಗಷ್ಟೇ ಸೇರಿದ್ದಲ್ಲ. ಮೊದಲನೆಯದನ್ನೇ ಸರಿಯಾದ ದಾರಿ ಎಂದು ಕಲಿಸುವುದರಿಂದ ಎರಡನೆಯವರು ಹೊರಗುಳಿಯುತ್ತಾರೆ ಎಂಬುದು ಅವರ ವಾದ.

ಸಾಮಗ್ರಿ ಬದಲಾದರೆ ಕೈಗಳೂ ಬದಲಾಗುತ್ತವೆ. ಲಿಯಾ ಬ್ಯೂಕ್ಲೆ ರೂಪಿಸಿದ ‘ಲಿಲಿಪ್ಯಾಡ್’ ಎಂಬ ಎಲೆಕ್ಟ್ರಾನಿಕ್ ಬೋರ್ಡು 2007ರಲ್ಲಿ ಮಾರುಕಟ್ಟೆಗೆ ಬಂತು. ಹೂವಿನ ಎಸಳಿನಂತೆ ಅಂಚಿನಲ್ಲಿ ತೂತುಗಳಿರುವ ಈ ದುಂಡು ಬೋರ್ಡನ್ನು ಬಟ್ಟೆಗೆ ಹೊಲಿಯಬೇಕು. ತಂತಿಯ ಬದಲು ಕರೆಂಟು ಹರಿಯುವ ದಾರ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯಿಲ್ಲದ ಕಾರಣ, ಹಿಂಬದಿಯ ಗಂಟಿನ ಬಾಲ ಉದ್ದ ಉಳಿದು ಪಕ್ಕದ ಹೊಲಿಗೆಗೆ ತಾಗಿದರೂ ಶಾರ್ಟ್ ಆಗುತ್ತದೆ; ಹೊಲಿಗೆ ಸಡಿಲವಾದರೆ ದೀಪ ಮಿಣುಕುತ್ತದೆ. ಅಂದರೆ ಇಲ್ಲಿರುವುದೂ ಅದೇ ವಿದ್ಯುತ್ತಿನ ಪಾಠ. 2010ರಲ್ಲಿ ಬ್ಯೂಕ್ಲೆ ಮತ್ತು ಬೆಂಜಮಿನ್ ಹಿಲ್, ಜನ ಮಾಡಿ ಪ್ರಕಟಿಸಿದ ಪ್ರಾಜೆಕ್ಟುಗಳ ಮಾದರಿಯೊಂದನ್ನು ಪರಿಶೀಲಿಸಿದರು. ಹೊಲಿಗೆಯಿಲ್ಲದ ಸಾಮಾನ್ಯ ಆರ್ಡುಯಿನೊ ಬೋರ್ಡಿನ ಪ್ರಾಜೆಕ್ಟುಗಳಲ್ಲಿ ಹೆಂಗಸರು ಮಾಡಿದ್ದು ಸುಮಾರು ಶೇ. 2, ಲಿಲಿಪ್ಯಾಡ್‌ನಲ್ಲಿ ಸುಮಾರು ಶೇ. 65. ಹುಡುಗ-ಹುಡುಗಿ ಜೋಡಿಯಾಗಿ ಇಂಥ ಸರ್ಕ್ಯೂಟು ಹೊಲಿದ ತರಗತಿಗಳಲ್ಲಿ, ಸೂಜಿಯ ಜೊತೆಗೆ ಮುಂದಾಳುತನವೂ ಹುಡುಗಿಯರ ಪಾಲಾದದ್ದನ್ನು 2014ರ ಅಧ್ಯಯನವೊಂದು ದಾಖಲಿಸಿದೆ. ಹಾಗೆಂದು ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ರೋಬೋ ಎಂದು ಹಂಚಿದರೆ ಹಳೆಯ ಗೋಡೆಗೆ ಹೊಸ ಸುಣ್ಣ ಬಳಿದಂತಾದೀತು.

ಅನುಭವವೂ ಲೆಕ್ಕಕ್ಕೆ ಬರುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲಿಸನ್ ಮಾಸ್ಟರ್ ಮತ್ತು ಸಂಗಡಿಗರು ಆರು ವರ್ಷದ 96 ಮಕ್ಕಳೊಡನೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಸ್ವಲ್ಪ ಹೊತ್ತು ರೋಬೋಗೆ ತಾವೇ ಪ್ರೋಗ್ರಾಮ್ ಬರೆದು ಓಡಿಸಿದ ಹುಡುಗಿಯರಲ್ಲಿ ತಂತ್ರಜ್ಞಾನದ ಆಸಕ್ತಿ, ಆತ್ಮವಿಶ್ವಾಸ ಎರಡೂ, ಆ ಅವಕಾಶ ಸಿಗದ ಹುಡುಗಿಯರಿಗಿಂತ ಹೆಚ್ಚಿದ್ದವು. ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಗಳಲ್ಲಿ ಗಂಡಸರ ಸರಾಸರಿ ಮುಂದಿರುವುದು ನಿಜ. ಆದರೆ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸಾರ್ಬಿ 1990ರ ದಶಕದಿಂದ ನಡೆಸಿದ ತರಬೇತಿ, ಈ ಸಾಮರ್ಥ್ಯವೂ ಅಭ್ಯಾಸದಿಂದ ಬೆಳೆಯುತ್ತದೆ ಎಂದು ತೋರಿಸಿತು.

ಇನ್ನು ನಮ್ಮ ಕಡೆಗೆ ಬಂದರೆ, 2016ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಟಲ್ ಇನ್ನೊವೇಷನ್ ಮಿಷನ್‌ನಡಿ ಆಯ್ಕೆಯಾದ ಶಾಲೆಗಳಿಗೆ, ಮಾಡಿ ಕಲಿಯುವ ಟಿಂಕರಿಂಗ್ ಲ್ಯಾಬಿಗೆಂದು 20 ಲಕ್ಷ ರೂಪಾಯಿಯವರೆಗೆ ನೆರವು ಸಿಕ್ಕಿದೆ. ಕರ್ನಾಟಕದ ಶಾಲೆಗಳಲ್ಲೂ ಇಂಥ ಲ್ಯಾಬುಗಳಿವೆ. ಉಪಕರಣ ಬಂದ ಮೇಲೆ ಉಳಿಯುವುದು ಸಣ್ಣ ಕೆಲಸ: ಪ್ರತಿ ಅವಧಿಗೂ ಪೆನ್ನು, ಸ್ಕ್ರೂಡ್ರೈವರ್ ಕೈ ಬದಲಾಯಿಸಬೇಕು. ಗುಂಪಿಗೆಲ್ಲ ಒಂದೇ ಅಂಕ ಹಾಕುವ ಮುನ್ನ ಶಿಕ್ಷಕರು ಸರ್ಕ್ಯೂಟನ್ನು ಬಿಚ್ಚಿ, ರೆಕಾರ್ಡ್ ಬರೆದ ಹುಡುಗಿಯ ಕೈಗೆ ಕೊಟ್ಟು ಮತ್ತೆ ಜೋಡಿಸಲು ಹೇಳಲಿ.