ಯಂತ್ರ ಹೇಳಿದ ರೋಗಕ್ಕೆ ಕಾರಣ ಕೇಳಿರಿ

ಎಲೆಗೆ ಚುಕ್ಕೆ ಬಿದ್ದಾಗ ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದರೆ, ರೋಗ ಯಾವುದು, ಯಾವ ಔಷಧಿ ಹೊಡೆಯಬೇಕು ಎಂಬುದನ್ನು ಕೃತಕ ಬುದ್ಧಿಯ ಯಂತ್ರವು ಈಗ ಕ್ಷಣಾರ್ಧದಲ್ಲಿ ಹೇಳುತ್ತದೆ. ಸೌಕರ್ಯವೇನೋ ದೊಡ್ಡದು. ಆದರೆ ರೋಗದ ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ. ಹಣವೂ ಹೋಗಿ ಬೆಳೆಯೂ ಹೋಗುತ್ತದೆ. ಆದಕಾರಣ ಈ ಯಂತ್ರದ ತೀರ್ಮಾನ ಹೇಗೆ ಹುಟ್ಟುತ್ತದೆಂಬುದನ್ನು ರೈತ ಬಾಂಧವರು ತಿಳಿದಿರುವುದು ಅವಶ್ಯ.

ಅನುಭವಸ್ಥ ಒಕ್ಕಲಿಗನು ಲಕ್ಷಣ ನೋಡಿ ರೋಗ ಹೇಳುತ್ತಾನೆ. “ಟೊಮೆಟೊ ಎಲೆಯ ಚುಕ್ಕೆಯೊಳಗೆ ಉಂಗುರಗಳಿವೆ, ಕೆಳಗಿನ ಎಲೆಗಳಿಂದ ಮೇಲಕ್ಕೆ ಹಬ್ಬಿದೆ, ಆದ್ದರಿಂದ ಇದು ಅಂಗಮಾರಿ” ಎನ್ನುತ್ತಾನೆ. ಯಂತ್ರಕ್ಕೆ ಈ ಲಕ್ಷಣಗಳನ್ನು ಯಾರೂ ಹೇಳಿಕೊಡುವುದಿಲ್ಲ. ರೋಗದ ಹೆಸರು ಹಚ್ಚಿದ ಸಾವಿರಾರು ಚಿತ್ರಗಳನ್ನು ಅದಕ್ಕೆ ತೋರಿಸುತ್ತಾರೆ. ಯಾವ ಚಿತ್ರಕ್ಕೆ ಯಾವ ಹೆಸರೆಂಬ ಲೆಕ್ಕವನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ. ಲಕ್ಷಾಂತರ ಅಂಕಿಗಳಲ್ಲಿ ಹರಡಿದ ಆ ಲೆಕ್ಕವನ್ನು ಅದನ್ನು ಮಾಡಿದವರೂ ಸುಲಭವಾಗಿ ಓದಲಾರರು.

2016ರಲ್ಲಿ ಅಮೇರಿಕ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 14 ಬೆಳೆಗಳ 54,306 ಎಲೆ-ಚಿತ್ರಗಳನ್ನು ಇಂಥ ಪ್ರಯೋಗಕ್ಕೆ ಬಳಸಿದರು. ಅದೇ ಸಂಗ್ರಹದಿಂದ ಪರೀಕ್ಷೆಗೆಂದು ತೆಗೆದಿಟ್ಟ ಚಿತ್ರಗಳಲ್ಲಿ ಯಂತ್ರವು ನೂರಕ್ಕೆ 99ಕ್ಕಿಂತ ಹೆಚ್ಚು ಸರಿಯಾಗಿ ಹೇಳಿತು. ಬೇರೆ ಕಡೆಯ ಚಿತ್ರಗಳನ್ನು ತೋರಿಸಿದಾಗ ಸರಿಯಾದದ್ದು ನೂರಕ್ಕೆ ಸುಮಾರು 31 ಮಾತ್ರ! 2022ರಲ್ಲಿ ಅದೇ ಸಂಗ್ರಹದ ಮೇಲೆ ಮತ್ತೊಂದು ಪರೀಕ್ಷೆ ನಡೆಯಿತು. ಎಲೆಯನ್ನು ತೋರಿಸದೆ, ಎಲೆಯ ಹಿಂದಿನ ಹಾಸಿನ 8 ಬಿಂದುಗಳನ್ನಷ್ಟೇ ಕೊಟ್ಟು ಯಂತ್ರಕ್ಕೆ ಕಲಿಸಿದರು. ಆದರೂ ಅದು ನೂರಕ್ಕೆ 49 ಸರಿ ಹೇಳಿತು. ಕಣ್ಣು ಮುಚ್ಚಿ ಊಹಿಸಿದ್ದರೆ 3 ಕೂಡ ಸರಿಯಾಗುತ್ತಿರಲಿಲ್ಲ. ಅಂದರೆ ರೋಗದ ಗುರುತು ಹಾಸಿನ ಬಣ್ಣ-ಬೆಳಕಿನಲ್ಲಿಯೇ ಸೇರಿಕೊಂಡಿತ್ತು. ಹೊಲದಲ್ಲಿ ಆ ಹಾಸು ಎಲ್ಲಿ ಬಂತು?

ನಮ್ಮ ಹಿಂದಿನ ತರ್ಕಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಬಲ್ಲವರು. ಗುಡ್ಡದ ಮೇಲಿನ ಮಂಜನ್ನು ಹೊಗೆಯೆಂದು ತಿಳಿದು “ಅಲ್ಲಿ ಬೆಂಕಿಯಿದೆ” ಎಂದವನ ಮಾತು, ಅಲ್ಲಿ ನಿಜವಾಗಿ ಬೆಂಕಿಯಿದ್ದರೂ, ತಿಳಿವಳಿಕೆಯಾಗಲಾರದು. ನಾಳೆ ಅವನು ತಪ್ಪುವುದು ಖಂಡಿತ. ಹೇತು ಸರಿಯಿದ್ದರೇ ನಿರ್ಣಯಕ್ಕೆ ಬೆಲೆ.

ಈ ಮಾತು ಔಷಧಿಗೆ ಮಾತ್ರ ಸಂಬಂಧಿಸಿದುದಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಭತ್ತ, ಗೋಧಿಗಳ ಇಳುವರಿ ನಿರ್ಧರಿಸುವಾಗ ಉಪಗ್ರಹ ಮೊದಲಾದ ತಂತ್ರಗಳ ಅಂದಾಜಿಗೂ ಪಾಲು ಕೊಡುವ ಕ್ರಮ 2023ರಿಂದ ಬಂದಿದೆ. ಪರಿಹಾರ ಇಲ್ಲವೆಂದಾಗ ಕಾರಣ ತಿಳಿಯದಿದ್ದರೆ ರೈತನು ಯಾವುದನ್ನು ಹಿಡಿದು ತಕರಾರು ಮಾಡಬೇಕು? ಆ ಕಾರಣವೂ ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಗಡಿಯಾಚೆ ನೆಲೆಸಿದ ನಮಗೆ ಇದು ಸಣ್ಣ ಮಾತಲ್ಲ.

ಸದ್ಯಕ್ಕೆ ರೈತರು ಮಾಡತಕ್ಕದ್ದು ಇಷ್ಟು:

1. ಒಂದೇ ಎಲೆಯನ್ನು ಅಂಗೈಯ ಮೇಲೆ, ಮಣ್ಣಿನ ಮೇಲೆ, ಬಿಳಿ ಬಟ್ಟೆಯ ಮೇಲೆ ಇಟ್ಟು ಮೂರು ಚಿತ್ರ ತೆಗೆಯಿರಿ. ಉತ್ತರ ಬದಲಾದರೆ ನಂಬಬೇಡಿರಿ.

2. ಉತ್ತರ ಒಂದೇ ಬಂದರೂ, ಯಾವ ಲಕ್ಷಣದಿಂದ ಹೀಗೆ ಹೇಳಿತೆಂದು ಕೇಳಿ, ಆ ಲಕ್ಷಣ ಎಲೆಯ ಮೇಲಿದೆಯೇ ಎಂದು ಕಣ್ಣಾರೆ ನೋಡಿರಿ. ಚಿತ್ರದ ಯಾವ ಭಾಗ ನೋಡಿ ತೀರ್ಮಾನಿಸಿತೆಂದು ಬಣ್ಣದಿಂದ ಗುರುತಿಸಿ ತೋರಿಸುವ ವಿಧಾನಗಳೂ ಈಗ ಇವೆ.

3. ದುಬಾರಿ ಔಷಧಿ ಕೊಳ್ಳುವ ಮುಂಚೆ ಎಲೆಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರಿ.