ಕೃಷ್ಣೆಯ ಇಳಿತವೂ ದೋಆಬಿನ ನೀರೂ

ರಾಯಚೂರು ಜಿಲ್ಲೆಯ ಗುರುಗುಂಟಾ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶದಲ್ಲಿದೆ. ಎರಡು ಮಹಾನದಿಗಳ ನಡುವೆ ಇದ್ದೂ ಈ ನಾಡು ಬರಕ್ಕೆ ಹೆಸರಾಯಿತು. ಇದೇಕೆಂಬುದನ್ನು ನಾವು ನದಿಯ ಪಾತ್ರದಲ್ಲಿಯೇ ಹುಡುಕಬೇಕು.

ಕೃಷ್ಣೆಯು ಹುಟ್ಟುವ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಘಟ್ಟಗಳ ಮರೆಯಲ್ಲಿರುವ ರಾಯಚೂರು ಸೀಮೆಗೆ ದೊರೆಯುವುದು ಸುಮಾರು 600 ಮಿಲಿಮೀಟರು ಮಾತ್ರ. ಆದುದರಿಂದ ಇಲ್ಲಿ ಆಕಾಶ ಬರಿದಾಗಿರುವಾಗಲೂ ಹೊಳೆ ತುಂಬಿ ಹರಿಯುವುದುಂಟು.

ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಬಳಿ ನದಿಯು ಗಟ್ಟಿಯಾದ ಬೆಣಚುಕಲ್ಲಿನ ನಡುವೆ ಕವಲೊಡೆದು, ನಡುಗಡ್ಡೆಗಳನ್ನು ಬಳಸಿಕೊಂಡು, ಕೆಲವೇ ಮೈಲಿಗಳಲ್ಲಿ ಸುಮಾರು ನೂರು ಮೀಟರು ಕೆಳಗಿಳಿಯುತ್ತದೆ. ಸುತ್ತಲೂ ನೀರಿರುವ ಇಂತಹ ನೆಲ ಕೋಟೆಗೆ ಹೇಳಿಮಾಡಿಸಿದುದು. ಜಲದುರ್ಗದ ಹೆಸರೇ ಅದಕ್ಕೆ ಸಾಕ್ಷಿ. ರಾಜ್ಯಗಳಿಗೆ ಹೊಳೆಯೇ ಗಡಿ. 1520ರಲ್ಲಿ ಕೃಷ್ಣದೇವರಾಯನಿಗೆ ಸೋತು ಹಿಮ್ಮೆಟ್ಟಿದ ಇಸ್ಮಾಯಿಲ್ ಆದಿಲ್ ಶಾಹನ ಸೈನಿಕರಲ್ಲಿ ಅನೇಕರು ಕೃಷ್ಣೆಯಲ್ಲಿಯೇ ಮುಳುಗಿದರು.

ಹೀಗೆ ಕೆಳಗಿಳಿದ ನೀರನ್ನು ಹೊಲಕ್ಕೆ ಎತ್ತುವುದು ಎಷ್ಟು ಕಷ್ಟ? ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಲ್ಲಿಸಬೇಕಾದರೆ ಸುಮಾರು 103 ಘನಮೀಟರು, ಎಂದರೆ 1,03,000 ಕಿಲೋಗ್ರಾಂ ನೀರು ಬೇಕು. ಅದನ್ನು ನೂರು ಮೀಟರು ಎತ್ತಲು, ಪಂಪಿನಲ್ಲಿ ಏನೂ ನಷ್ಟವಾಗದಿದ್ದರೂ, ಸುಮಾರು 28 ಯೂನಿಟ್ ವಿದ್ಯುತ್ತು ವೆಚ್ಚವಾಗುತ್ತದೆ. ಕಪಿಲೆಯ ಎತ್ತುಗಳಿಂದ ಆಗುವ ಕೆಲಸವಲ್ಲ ಅದು.

ಪರಿಹಾರವೆಂದರೆ, ನೀರು ಇಳಿಯುವ ಮೊದಲೇ ಅದನ್ನು ತಡೆಯುವುದು. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟು ಈ ಇಳಿತಕ್ಕಿಂತ ಮೇಲಿದೆ. ಅದರಲ್ಲಿ ತುಂಬಿದ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 492 ಮೀಟರು ಎತ್ತರದಲ್ಲಿರುತ್ತದೆ. ಅಲ್ಲಿಂದ ಹೊರಟ ಬಲದಂಡೆ ಕಾಲುವೆ ನದಿಯಂತೆ ಧುಮುಕದೆ, ಅತ್ಯಲ್ಪ ಇಳಿಜಾರಿನಲ್ಲಿ ಸಾಗಿ, ಲಿಂಗಸುಗೂರು, ದೇವದುರ್ಗಗಳ ಹೊಲಗಳಿಗೆ ನೀರೊಯ್ಯುತ್ತದೆ. ಗುರುತ್ವಾಕರ್ಷಣೆಯೇ ಅದರ ಪಂಪು.

ಆದರೆ ಅಣೆಕಟ್ಟೆ ತುಂಬಿದಾಗ ಹೆಚ್ಚಿನ ನೀರನ್ನು ಹೊಳೆಗೇ ಬಿಡಬೇಕು. 2019ರ ಆಗಸ್ಟಿನಲ್ಲಿ ಶೀಲಹಳ್ಳಿಯ ಸೇತುವೆ ಮುಳುಗಿ, ನಡುಗಡ್ಡೆಯ ಹಳ್ಳಿಗಳಿಗೆ ದಾರಿಯೇ ಇಲ್ಲದಂತಾಯಿತು. ಕಾಲುವೆಯಿಂದ ಹೊಲ ಹಸುರಾದರೂ ಹೊಳೆಯ ನಡುವೆ ಬಾಳುವವರಿಗೆ ಎತ್ತರದ ಸೇತುವೆಯೊಂದು ಅಷ್ಟೇ ಅಗತ್ಯ.

ವಿದ್ಯಾರ್ಥಿಗಳು ತಮ್ಮ ಊರಿನ ಭೂಪಟದಲ್ಲಿ ಸಮೋನ್ನತಿ ರೇಖೆಗಳನ್ನು ಗುರುತಿಸಿ ನೋಡಲಿ. ಹೊಳೆ ಎಷ್ಟು ದೂರದಲ್ಲಿದೆ ಎಂಬುದಕ್ಕಿಂತ ಎಷ್ಟು ಕೆಳಗಿದೆ ಎಂಬುದೇ ಹೊಲಕ್ಕೆ ಮುಖ್ಯವೆಂಬುದು ತಾನಾಗಿ ತಿಳಿಯುತ್ತದೆ.