ಗೆಳೆಯನ ಆಟೋದಲ್ಲಿ ನಾಲ್ಕು ತಾಲ್ಲೂಕು

ಆ ಊರಿನ ಹೆಸರೇ ‘ಎಲ್ಲ’. ಎಲ್ಲಿಗೆ ಹೋಗಿದ್ದೆಯೋ ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ ‘ಎಲ್ಲಕ್ಕೆ’ ಅಂದೆ. ಎಲ್ಲಾ ಕಡೆ ಸುತ್ತಿದ್ದಾನೆ ಅಂದುಕೊಂಡು ಸುಮ್ಮನಾದಳು. ಶ್ರೀಲಂಕಾದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಪುಟ್ಟ ಊರು ಅದು. ಸುತ್ತ ಚಹಾ ತೋಟ, ನಡುವೆ ರೈಲು ದಾರಿ. ಅಲ್ಲಿ ಪ್ರವಾಸಿಗರನ್ನು ಹಳ್ಳಿ ಹಳ್ಳಿ ಸುತ್ತಿಸೋದು ನಮ್ಮ ಆಟೋಗಳೇ. ‘ತ್ರೀ ವ್ಹೀಲ್’ ಅಂತಾರೆ. ಬಹಳಷ್ಟು ಗಾಡಿಗಳು ನಮ್ಮ ಬಜಾಜ್‌ನವೇ.

ಕಳೆದ ವರ್ಷ ಆಫೀಸಿನ ಮೂವರು ಗೆಳೆಯರ ಜೊತೆ ಹೋಗಿದ್ದೆ. ನಮ್ಮ ಚಾಲಕ ತಮಿಳು ಮಾತಾಡುವವನು. ಅವನ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಚಹಾ ತೋಟದ ಕೆಲಸಕ್ಕೆ ತಮಿಳುನಾಡಿನಿಂದ ಬಂದವರಂತೆ. ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ ಏನಾದರೂ ಹೇಳೋನು. ಯಾವ ಎಲೆ ಕೀಳಬೇಕು, ಯಾವುದನ್ನು ಬಿಡಬೇಕು. 1921ರಲ್ಲಿ ಕಟ್ಟಿದ ಒಂಬತ್ತು ಕಮಾನಿನ ಸೇತುವೆ ಮೇಲೆ ರೈಲು ಎಷ್ಟೊತ್ತಿಗೆ ಬರುತ್ತೆ, ಫೋಟೋಗೆ ಎಲ್ಲಿ ನಿಲ್ಲಬೇಕು. ಐದು ಗಂಟೆ ಸುತ್ತಿಸಿದ್ದಕ್ಕೆ ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿ ಕೊಟ್ಟೆವು. ಮೇಲೆ ಟಿಪ್ಸು. ಚೌಕಾಸಿ ಮಾಡಬೇಕು ಅಂತ ಅನ್ನಿಸಲೇ ಇಲ್ಲ.

ಇಳಿಯುವಾಗ ಅವನು ಕೇಳಿದ, “ನಿಮ್ಮೂರಲ್ಲಿ ಏನಿದೆ?”

“ಅಂಥದ್ದೇನಿಲ್ಲ” ಅಂದುಬಿಟ್ಟೆ.

‘ಏನಿಲ್ಲ’ ಅಂದವನಿಗೆ ಉತ್ತರ

ನಮ್ಮೂರು ಹೊನ್ನಾಳಿ. ಸಂಕ್ರಾಂತಿಗೆ ಊರಿಗೆ ಬಂದಾಗ ಈ ಮಾತನ್ನು ಹೈಸ್ಕೂಲು ಗೆಳೆಯನಿಗೆ ಹೇಳಿದೆ. ಎಂಟನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಬೆಂಚು ನಮ್ಮದು. ನಾನು ಇಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದೆ, ಅವನು ಆಟೋ ಕೊಂಡ. ಊರಿಗೆ ಬಂದಾಗಲೆಲ್ಲ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಿಡೋನು ಅವನೇ. ದುಡ್ಡು ಕೊಟ್ಟರೆ “ಹೋಗಲೇ” ಅಂತಾನೆ. ನಾನೂ ಹೋಗಿಬಿಡುತ್ತಿದ್ದೆ.

ಅವನಿಗೆ ಸಿಟ್ಟು ಬಂತು. “ಏನಿಲ್ಲ ಅಂದ್ಯಾ? ನಾಳೆ ಬೆಳಗ್ಗೆ ಆರಕ್ಕೆ ರೆಡಿ ಇರು. ಅಮ್ಮನ್ನೂ ಕರ್ಕೊಂಡ್ ಬಾ.”

ಮೂರು ಗಾಲಿಯ ಈ ಗಾಡಿಯ ಮೂಲ ಇಟಲಿ. ಯುದ್ಧ ಮುಗಿದು ಜನರ ಕೈಲಿ ಕಾಸಿಲ್ಲದ ಕಾಲದಲ್ಲಿ, 1948ರಲ್ಲಿ ಪಿಯಾಜಿಯೊ ಕಂಪನಿ ಸ್ಕೂಟರಿಗೆ ಇನ್ನೊಂದು ಗಾಲಿ ಸೇರಿಸಿ ಸಾಮಾನು ಸಾಗಿಸೋ ಗಾಡಿ ಮಾಡಿತು. ಅದರ ಹೆಸರು ‘ಆಪೆ’, ಅಂದರೆ ಇಟಲಿಯ ಭಾಷೆಯಲ್ಲಿ ಜೇನುನೊಣ. ನಮ್ಮ ಕಡೆ ಹಳ್ಳಿಗೆ ಜನರನ್ನು ತುಂಬಿಕೊಂಡು ಹೋಗೋ ದೊಡ್ಡ ಆಟೋಗೆ ಇವತ್ತಿಗೂ ‘ಆಪೆ’ ಅಂತಲೇ ಕರೆಯೋದು. ನನ್ನ ಗೆಳೆಯನದು ಚಿಕ್ಕದು, ಹಿಂದೆ ಮೂವರು ಕೂರುವಂಥದ್ದು. ಹಿಂಬದಿಯಲ್ಲಿ ಶಂಕರ್‌ನಾಗ್ ಚಿತ್ರ.

ಹೊಳೆ ನಡುವಿನ ಗಡ್ಡೆ

ಮೊದಲು ಹೋಗಿದ್ದು ಕುರುವಕ್ಕೆ. ತುಂಗಭದ್ರೆಯ ನಡುವೆ ಗಡ್ಡೆ ರಾಮೇಶ್ವರನ ಗುಡಿ ಇರುವ ಜಾಗ. “ಶ್ರೀಲಂಕಾ ದ್ವೀಪ ನೋಡಿ ಬಂದೆಯಲ್ಲ, ನಮ್ಮದೂ ದ್ವೀಪನೇ ನೋಡು” ಅಂದ. ಕುರುವ ಅನ್ನೋ ಪದಕ್ಕೇ ಹಳೆಯ ಕನ್ನಡದಲ್ಲಿ ನಡುಗಡ್ಡೆ ಅನ್ನೋ ಅರ್ಥ ಇದೆ. ಇಷ್ಟು ವರ್ಷ ಈ ಹೆಸರು ಕೇಳಿದ್ದೇನೆ, ಒಮ್ಮೆಯೂ ಯೋಚಿಸಿರಲಿಲ್ಲ. ನಾವು ಹೋದಾಗ ತೆಪ್ಪದವರು ಇರಲಿಲ್ಲ. ದಡದಲ್ಲೇ ನಿಂತು ಕೈ ಮುಗಿದೆವು. ಅಮ್ಮ ಹೊಳೆಗೆ ಒಂದು ಬಾಳೆಹಣ್ಣು ಬಿಟ್ಟಳು.

ಕಾರಿನಲ್ಲಿ ಹೋಗಿದ್ದರೆ ಗಾಜು ಏರಿಸಿ, ಏಸಿ ಹಾಕಿ, ಮ್ಯಾಪಿನ ಹೆಂಗಸು ಹೇಳಿದ ಕಡೆ ತಿರುಗುತ್ತಿದ್ದೆ. ಆಟೋಗೆ ಬಾಗಿಲೇ ಇಲ್ಲ. ಕಬ್ಬಿನ ಗದ್ದೆ ಬಂದರೆ ಮೂಗಿಗೇ ಗೊತ್ತಾಗುತ್ತೆ. ನಲವತ್ತರ ಸ್ಪೀಡಿನಲ್ಲಿ ಎದುರು ಬಂದವರೆಲ್ಲ ಮಾತಾಡಿಸುತ್ತಾರೆ. ಒಂದು ಕಡೆ ಕೊಂಬಿಗೆ ಬಣ್ಣ ಹಚ್ಚಿದ ಹೋರಿ ಹಿಡಿದು ಹೊರಟಿದ್ದ ಹುಡುಗರನ್ನು ನಿಲ್ಲಿಸಿ, “ಎಷ್ಟು ಕೊಬ್ಬರಿ ಸರ ಹರಿಸಿತಪಾ?” ಅಂತ ಗೆಳೆಯ ವಿಚಾರಿಸಿದ. ನಮ್ಮ ಭಾಗದಲ್ಲಿ ಹೋರಿ ಬೆದರಿಸೋ ಹಬ್ಬದ ಹುಚ್ಚು ಎಷ್ಟು ಅಂದರೆ, ಊರಿನ ಮೇಷ್ಟ್ರ ಹೆಸರು ಗೊತ್ತಿಲ್ಲದವರಿಗೂ ಹೋರಿಗಳ ಹೆಸರು ಬಾಯಿಪಾಠ.

ನ್ಯಾಮತಿಯ ಏರು

ನ್ಯಾಮತಿ ನಾನು ಓದುವಾಗ ಹೊನ್ನಾಳಿಗೇ ಸೇರಿತ್ತು, ಬೇರೆ ತಾಲ್ಲೂಕಾಗಿದ್ದು 2018ರಲ್ಲಿ. ಅಲ್ಲಿನ ಸೂರಗೊಂಡನಕೊಪ್ಪ ಬಂಜಾರರ ಪಾಲಿಗೆ ಭಾಯಾಗಡ್, ಸಂತ ಸೇವಾಲಾಲರು ಹುಟ್ಟಿದ ಸ್ಥಳ. ಫೆಬ್ರವರಿ 15 ಅವರ ಜಯಂತಿ. ಆಗ ಕರ್ನಾಟಕದ ತಾಂಡಾಗಳಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಬರುತ್ತಾರೆ, ನಡೆದುಕೊಂಡು ಬರುವವರೂ ಇದ್ದಾರೆ. “ಆ ಮೂರು ದಿನ ನಿದ್ದಿನೇ ಇಲ್ಲ. ಭಾಷೆ ಬರ್ದೇ ಇದ್ರೂ ಎಲ್ಲರನ್ನೂ ಮುಟ್ಟಿಸ್ತೀವಿ” ಅಂದ ಗೆಳೆಯ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರೋ ದೂರದಲ್ಲಿ ದೇಶದ ಇಷ್ಟು ದೊಡ್ಡ ಜಾತ್ರೆ ನಡೆಯುತ್ತೆ. ನಾನು ಒಮ್ಮೆಯೂ ಹೋಗಿಲ್ಲ.

ಮಧ್ಯಾಹ್ನ ತೀರ್ಥರಾಮೇಶ್ವರದ ದಾರಿ. ಬೆಳಗುತ್ತಿ ಬಳಿಯ ಕಾಡು ಗುಡ್ಡ ಅದು. ಏರಿನಲ್ಲಿ ಗಾಡಿ ಒಂದನೇ ಗೇರಿಗೂ ಮುಕ್ಕರಿಯತೊಡಗಿತು. “ಇಂಜಿನಿಯರ್ ಸಾಹೇಬ್ರು ಇಳೀರಿ, ಅಮ್ಮ ಕೂತಿರ್ಲಿ” ಅಂದ. ಇಳಿದು ಸ್ವಲ್ಪ ದೂರ ಹಿಂದಿನಿಂದ ತಳ್ಳಿದೆ. ಅಮ್ಮ ಒಳಗಿನಿಂದ ನಗುತ್ತಿದ್ದಳು. ಗುಡ್ಡದ ಮೇಲೆ ವರ್ಷವಿಡೀ ನೀರು ಬರುತ್ತೆ. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ತರಿಸಿದ ನೀರು ಅನ್ನೋದು ಕಥೆ. ಮದುವೆಯಾದ ಹೊಸತರಲ್ಲಿ ಅಮ್ಮ ಇಲ್ಲಿಗೆ ಟ್ರ್ಯಾಕ್ಟರಿನಲ್ಲಿ ಬಂದಿದ್ದಳಂತೆ. “ನಿಮ್ಮಪ್ಪ ಈ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದರು. ಯಾರಿಗೂ ಹೇಳಬೇಡ ಅಂದಿದ್ದರು” ಅಂದಳು. ಅಪ್ಪ ತೀರಿಕೊಂಡು ಆರು ವರ್ಷ. ಈ ಸಂಗತಿ ನನಗೆ ಗೊತ್ತಾಗಿದ್ದು ಆವತ್ತು.

ಸಂಜೆ ಗೆಳೆಯನ ಜೇಬಿಗೆ ಸಾವಿರದ ಇನ್ನೂರು ತುರುಕಿದೆ. “ಪೆಟ್ರೋಲಿಗೆ ಇಷ್ಟೇನೂ ಆಗಲ್ಲ” ಅಂದ. ದೊಡ್ಡ ಉಪಕಾರ ಮಾಡಿದವನ ಹಾಗೆ ಮನೆಗೆ ಬಂದೆ.

ಏರಿ ಮೇಲೆ ಬಂದ ಫೋನು

ಎರಡನೇ ದಿನ ಅಮ್ಮ ಬರಲಿಲ್ಲ, ಮಂಡಕ್ಕಿ ಉಸುಳಿ ಕಟ್ಟಿಕೊಟ್ಟಳು. ಚನ್ನಗಿರಿ ಮುಟ್ಟುವ ಹೊತ್ತಿಗೆ ದಾರಿ ತುಂಬ ಅಡಿಕೆಯದೇ ವಾಸನೆ. ಕೆಳದಿಯ ರಾಣಿ ಚನ್ನಮ್ಮಾಜಿಯ ಹೆಸರು ಹೊತ್ತ ಊರು, ಮೇಲೆ ಕೋಟೆ, ಕೋಟೆಯಲ್ಲಿ ರಂಗನಾಥ. ಜೆ.ಎಚ್. ಪಟೇಲರ ಕಾರಿಗನೂರು ಇದೇ ತಾಲ್ಲೂಕಿನದು. ಅವರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಶಿವಮೊಗ್ಗದಲ್ಲಿದ್ದ ನಮ್ಮ ಹೊನ್ನಾಳಿ, ಚನ್ನಗಿರಿ ಮತ್ತು ಚಿತ್ರದುರ್ಗದಲ್ಲಿದ್ದ ಜಗಳೂರು ಒಂದೇ ಜಿಲ್ಲೆಗೆ ಬಂದವು.

ಸೂಳೆಕೆರೆ ನೋಡಿದಾಗ ನಿಜಕ್ಕೂ ಬಾಯಿ ಕಟ್ಟಿತು. ಶಾಂತಿಸಾಗರ ಅಂತಲೂ ಕರೆಯೋ ಇದರ ನೀರು ಹರಡಿರೋದು ಆರು ಸಾವಿರಕ್ಕೂ ಹೆಚ್ಚು ಎಕರೆ. ಆದರೆ ಏರಿ ಮಾತ್ರ ಗಿಡ್ಡ, ಸಾವಿರ ಅಡಿಯ ಆಸುಪಾಸು ಅಷ್ಟೇ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಕಿಂಡಿಯಲ್ಲಿ ನುಗ್ಗುವ ಕಡೆಯೇ ನೋಡಿ ಅಡ್ಡ ಕಟ್ಟಿದ್ದಾರೆ. ಉಳಿದ ಗೋಡೆ ಕೆಲಸ ಗುಡ್ಡಗಳೇ ಮಾಡುತ್ತಿವೆ. ಕಡಿಮೆ ಕೋಡ್ ಬರೆದು ಹೆಚ್ಚು ಕೆಲಸ ತೆಗೆಯೋದು ಹೇಗೆ ಅಂತ ಆಫೀಸಿನಲ್ಲಿ ದಿನಾ ತಲೆ ಕೆಡಿಸಿಕೊಳ್ಳುತ್ತೇವೆ. ಇಲ್ಲಿ ಅದನ್ನು ಕಲ್ಲು ಮಣ್ಣಿನಲ್ಲಿ ನೂರಾರು ವರ್ಷಗಳ ಹಿಂದೆಯೇ ಮಾಡಿಟ್ಟಿದ್ದಾರೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದಳು, ಜಾಗ ಸೂಳೆಯರದ್ದಾಗಿತ್ತು, ಕೆರೆಗೆ ತಮ್ಮ ಹೆಸರಿಡಬೇಕು ಅನ್ನೋ ಷರತ್ತಿನ ಮೇಲೆ ಬಿಟ್ಟುಕೊಟ್ಟರು ಅನ್ನೋದು ಜನ ಹೇಳುವ ಕಥೆ. “ಹೆಸರು ಬದಲಾಯಿಸಿದ್ರೂ ಜನ ಬಿಡ್ಲಿಲ್ಲ ನೋಡು. ಕೊಟ್ಟ ಮಾತು” ಅಂದ ಗೆಳೆಯ.

ಅಷ್ಟರಲ್ಲಿ ಅವನಿಗೆ ಫೋನು ಬಂತು. ಆಚೆ ಹೋಗಿ ಮಾತಾಡಿದ. ಗಾಳಿಗೆ ಅರ್ಧ ನನಗೂ ಕೇಳಿಸಿತು. “ಇಲ್ಲ ಮೇಡಂ, ಇವತ್ತು ಬೇರೆಯವ್ರನ್ನ ಕಳ್ಸಿದ್ನಲ್ಲ... ಲೇಟ್ ಆಯ್ತಾ... ಇನ್ಮೇಲೆ ಆಗಲ್ಲ ಮೇಡಂ, ತಿಂಗಳ ದುಡ್ಡು ಹಿಡೀಬೇಡಿ...”

ಕೇಳಿದರೆ “ಏನಿಲ್ಲ ಬಿಡು” ಅಂದ. ನಾನು ಬಿಡಲಿಲ್ಲ. ಬೆಳಗ್ಗೆ ಸಂಜೆ ಒಂಬತ್ತು ಮಕ್ಕಳನ್ನು ಸ್ಕೂಲಿಗೆ ಬಿಡೋ ತಿಂಗಳ ಬಾಡಿಗೆಯೇ ಅವನ ಖಾಯಂ ದುಡಿಮೆ. ಗಾಡಿಯ ಸಾಲದ ಕಂತು ಹೋಗೋದು ಅದರಿಂದ. ನನಗೋಸ್ಕರ ಎರಡು ದಿನದಿಂದ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿ, ಅವರಿಗೆ ತನ್ನ ಕೈಯಿಂದ ದುಡ್ಡು ಕೊಟ್ಟಿದ್ದಾನೆ. ನಾನು ಪೆಟ್ರೋಲ್ ಲೆಕ್ಕ ಹಾಕಿದ್ದೆ, ಅವನ ದಿನದ ಲೆಕ್ಕ ಹಾಕಿರಲಿಲ್ಲ. ಎಲ್ಲದಲ್ಲಿ ಗುರುತು ಪರಿಚಯ ಇಲ್ಲದವನಿಗೆ ಐದು ಗಂಟೆಗೆ ಎರಡೂವರೆ ಸಾವಿರ, ಒಂದೇ ಬೆಂಚಿನ ಗೆಳೆಯನಿಗೆ ಹನ್ನೆರಡು ಗಂಟೆಗೆ ಸಾವಿರದ ಇನ್ನೂರು. ಅವನು ‘ಗೈಡ್’, ಇವನು ‘ನಮ್ಮ ಹುಡುಗ’. ಗೆಳೆತನ ಅನ್ನೋ ಹೆಸರಿನಲ್ಲಿ ನಾವು ಎಷ್ಟು ಜನರ ದಿನಗಳನ್ನು ಹೀಗೆ ಪುಕ್ಕಟೆ ತಿಂದಿದ್ದೇವೋ.

ಸಂತೇಬೆನ್ನೂರಿನ ಪುಷ್ಕರಣಿ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಹದಿನಾರನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ, ನೀರಿನ ನಡುವೆ ದ್ವೀಪದ ಹಾಗೆ ವಸಂತ ಮಂಟಪ. ಎದುರಿಗೆ ಬಿಜಾಪುರದ ರಣದುಲ್ಲಾ ಖಾನ್ ಕಾಲದ ಮುಸಾಫಿರ್‌ಖಾನ. ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ನಾನೇ ಬಾಯಿಬಿಟ್ಟೆ. “ನಾಳೆ ಬರ್ಬೇಡ. ಸ್ಕೂಲ್ ಟ್ರಿಪ್ ಬಿಡ್ಬೇಡ.”

“ಜಗಳೂರು ನೋಡ್ದೆ ಹೆಂಗೆ ಮುಗೀತತಿ? ಭಾನುವಾರ ಹೋಗೋಣ” ಅಂದ.

ಆನಗೋಡು, ಆಮೇಲೆ ಜಗಳೂರು

ಭಾನುವಾರ ದಾವಣಗೆರೆ ದಾಟಿ ಜಗಳೂರಿನ ರಸ್ತೆ ಹಿಡಿಯೋ ಮುಂಚೆ, “ಐದು ನಿಮಿಷ” ಅಂತ ಹೆದ್ದಾರಿಯ ಆನಗೋಡಿಗೆ ಕರೆದೊಯ್ದ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡಿದ್ದು ಇಲ್ಲಿಯೇ. ಮೂವತ್ತಾರು ತುಂಬಿರಲಿಲ್ಲ. ಹತ್ತು ವರ್ಷ ಮುಂಚೆ ‘ಆಟೋ ರಾಜ’ ಸಿನಿಮಾದಲ್ಲಿ ಖಾಕಿ ಹಾಕಿದ್ದಕ್ಕೆ ಕರ್ನಾಟಕದ ಆಟೋದವರು ಅವರನ್ನು ಇನ್ನೂ ಬಿಟ್ಟಿಲ್ಲ. ನಾವಿಬ್ಬರೂ ಹುಟ್ಟೋ ಮುಂಚಿನ ಸಾವು ಅದು. ಗೆಳೆಯ ಗಾಡಿ ಆಫ್ ಮಾಡಿ, ಒಂದು ನಿಮಿಷ ಚಪ್ಪಲಿ ಬಿಟ್ಟು ನಿಂತ.

ಜಗಳೂರು ಕಡೆ ಹೋಗುತ್ತಿದ್ದಂತೆ ಹಸಿರು ಕಡಿಮೆಯಾಯಿತು. ಅಡಿಕೆ ಇಲ್ಲ, ಕಬ್ಬು ಇಲ್ಲ. ಒಂದೇ ಜಿಲ್ಲೆಯಲ್ಲಿ ಹೊಳೆ ದಂಡೆಯ ನಾವು, ಮಳೆ ನಂಬಿದ ಅವರು. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ಇಲ್ಲಿಯ ಕೆರೆ ತುಂಬಿಸೋದಕ್ಕೆ 57 ಕೆರೆಗಳ ಯೋಜನೆ ಬಂದಿದೆ. ಕುರುವದಲ್ಲಿ ಅಮ್ಮ ಬಾಳೆಹಣ್ಣು ಬಿಟ್ಟ ಅದೇ ಹೊಳೆ. ಟೀ ಅಂಗಡಿಯ ಅಜ್ಜ “ಎಲ್ಲಿಂದ ಬಂದ್ರಿ?” ಅಂದರು. ಹೊನ್ನಾಳಿ ಅಂದಾಗ, “ನೀರಿನೋರು” ಅಂದು ನಕ್ಕರು. ಆ ಮಾತಿಗೆ ಏನು ಹೇಳಬೇಕೋ ನಮಗೆ ತೋಚಲಿಲ್ಲ.

ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗಳ ಅಭಯಾರಣ್ಯ. ಅಭಯಾರಣ್ಯ ಅಂತ ಘೋಷಿಸಿದ್ದು 2011ರಲ್ಲಿ. ಕೊಂಡುಕುರಿ ಅಂದರೆ ನಾಲ್ಕು ಕೊಂಬಿನ ಚಿಗರೆ. ಗಂಡಿಗೆ ಮಾತ್ರ ಕೊಂಬು, ಮುಂದಿನ ಜೋಡಿ ಗಿಡ್ಡ, ಹಿಂದಿನದು ಉದ್ದ. ಬಲು ನಾಚಿಕೆಯ ಪ್ರಾಣಿ. ಕಾಡಂಚಿನಲ್ಲಿ ಎರಡು ಗಂಟೆ ಕಾದರೂ ಕಾಣಲಿಲ್ಲ. “ನಮ್ಮ ಆಟೋ ಸೌಂಡಿಗೆ ಆಂಧ್ರಕ್ಕೆ ಹೋಗಿರ್ಬೇಕು” ಅಂದ ಗೆಳೆಯ.

ನೀವು ಹೋಗುವುದಾದರೆ

ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಒಂದು ದಿನಕ್ಕೆ ಒಂದೇ ತಾಲ್ಲೂಕು ಇಟ್ಟುಕೊಳ್ಳಿ, ಆಟೋದಲ್ಲಿ ಬೆನ್ನು ನೋಯುತ್ತೆ. ಗಾಡಿಯ ಪರ್ಮಿಟ್ ಎಲ್ಲಿವರೆಗೆ ಇದೆ ಅಂತ ಮೊದಲೇ ಕೇಳಿ. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಎಲ್ಲಕ್ಕಿಂತ ಮುಖ್ಯ, ಕಿಲೋಮೀಟರಿಗೆ ಎಷ್ಟು ಅಂತ ಕೇಳಬೇಡಿ, ದಿನಕ್ಕೆ ಎಷ್ಟು ಅಂತ ಕೇಳಿ. ಊಟಕ್ಕೆ ಜೊತೆಯಲ್ಲೇ ಕೂರಿಸಿಕೊಳ್ಳಿ.

ಕೊನೆಯ ಸಾಲು

ಆ ರಾತ್ರಿ ಮೂರು ದಿನದ ಲೆಕ್ಕವನ್ನು ಎಲ್ಲದ ದರದಲ್ಲೇ ಹಾಕಿ ಕೊಟ್ಟೆ. ಅರ್ಧ ಎಣಿಸಿ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಮಾಡಿದ. ಜಗಳ ಆಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನನ್ನ ಆಫೀಸಿನವರು ಬಂದರೆ ಅವನು ಪೂರ್ತಿ ದರ ಹೇಳಬೇಕು, ರಜಾದಿನ ಮಾತ್ರ ಹೋಗಬೇಕು, ಸ್ಕೂಲ್ ಟ್ರಿಪ್ ತಪ್ಪಿಸಬಾರದು. ಇಲ್ಲಿವರೆಗೆ ಎರಡು ಕುಟುಂಬ ಹೋಗಿ ಬಂದಿವೆ. ದೊಡ್ಡ ವ್ಯಾಪಾರ ಏನಲ್ಲ, ಒಂದು ತಿಂಗಳ ಕಂತಿಗೆ ಆಯಿತಂತೆ.

ಗಾಡಿಯೊಳಗೆ ಅಂಟಿಸೋಕೆ ಒಂದು ಕಾರ್ಡು ಮಾಡಿಕೊಡು ಅಂದಿದ್ದ. ಊರುಗಳ ಹೆಸರು, ದಿನದ ಬಾಡಿಗೆ ಹಾಕಿ ಕಳಿಸಿದೆ. ಕೆಳಗೆ ಇನ್ನೊಂದು ಸಾಲು ಸೇರಿಸು ಅಂತ ಮೆಸೇಜು ಬಂತು: ‘ಕಥೆ ಫ್ರೀ’.

ಫೋನ್ ಮಾಡಿ ಬೈದೆ. ಕಥೆಗೇ ಅಲ್ಲವೇನೋ ಜನ ದುಡ್ಡು ಕೊಡೋದು ಅಂದೆ.

“ನಮ್ಮಜ್ಜ ನಂಗೆ ದುಡ್ಡಿಗೆ ಹೇಳಿದ್ನೇನು? ದಿನದ್ದು ತಗೊಂತೀನಿ, ಬಿಡಲ್ಲ. ಕಥೆದು ಬ್ಯಾಡ” ಅಂದ.

ಸೇರಿಸಿ ಕಳಿಸಿದೆ.